ಕೆಲಸ ಬಿಟ್ಟು ಎರಡು ವರ್ಷ ಪೂರ್ತಿ ನಟನೆಗೇ ಕೊಡಬೇಕೆಂದಿದ್ದೇನೆ. ಇಲ್ಲ, ಕೆಲಸದ ಜೊತೆಗೇ ಪ್ರಯತ್ನಿಸಲೇ? ಈ ಅನಿಶ್ಚಿತತೆಯನ್ನು ಹೇಗೆ ನಿಭಾಯಿಸಲಿ?

ನಿಮ್ಮ ಪ್ರಶ್ನೆಯ ಕೊನೆಯ ಸಾಲು ಓದಿದ ಮೇಲೆ ಉತ್ತರ ಬರೆಯದೆ ಇರಲಾಗಲಿಲ್ಲ. ಒಂದು ಚಿತ್ರತಂಡ ನಿಮ್ಮನ್ನು ಶಾರ್ಟ್‌ಲಿಸ್ಟ್ ಮಾಡಿದೆ, 'ಡೇಟ್ಸ್ ಫ್ರೀ ಇಟ್ಕೊಳ್ಳಿ' ಅಂದಿದೆ, ನೀವು ರಾಜೀನಾಮೆ ಪತ್ರ ಬರೆದಿಟ್ಟುಕೊಂಡು ಕೂತಿದ್ದೀರಿ. ದಯವಿಟ್ಟು ಆ ಪತ್ರವನ್ನು ಇನ್ನೂ ಕೊಡಬೇಡಿ. ಅದೇ ಮಾತನ್ನು ನನಗೂ ಹೇಳಿದ್ದರು.

ನಾನಾಗ ಹಗಲು ಲೆಕ್ಕಪತ್ರ ನೋಡುವ ಕೆಲಸ ಮಾಡುತ್ತಿದ್ದೆ, ಸಂಜೆ ಒಂದು ಹವ್ಯಾಸಿ ತಂಡದಲ್ಲಿ ನಾಟಕದ ತಾಲೀಮು. ಸಿನಿಮಾ ಆಡಿಷನ್ನುಗಳಿಗೂ ಹೋಗುತ್ತಿದ್ದೆ. ಒಂದು ಕಡೆ ಎರಡನೇ ಸುತ್ತು ದಾಟಿ ಲುಕ್ ಟೆಸ್ಟ್‌ಗೆ ಕರೆದರು. ಮೇಕಪ್ ಮಾಡುವವರು ಕೆನ್ನೆಗೆ ಗಮ್ ಹಚ್ಚಿ, ಕೃತಕ ಗಡ್ಡವನ್ನು ತುಂಡು ತುಂಡಾಗಿ ಅಂಟಿಸಿ, ಬಾಚಣಿಗೆಯಲ್ಲಿ ಒತ್ತಿ ಒತ್ತಿ ಕೂರಿಸಿದರು. ಎಡಕ್ಕೆ, ಬಲಕ್ಕೆ, ನೇರ, ಹೀಗೆ ಫೋಟೊ ತೆಗೆದರು. ಸಹಾಯಕ ನಿರ್ದೇಶಕರು ಮಾನಿಟರ್ ನೋಡಿ, "ಚೆನ್ನಾಗಿ ಕೂತಿದೆ. ಇವತ್ತಿಂದ ಬ್ಲೇಡ್ ಮುಟ್ಟಬೇಡಿ, ಕೂದಲನ್ನೂ ಬಿಡಿ. ಡೇಟ್ಸ್ ಹೇಳ್ತೀವಿ, ಫ್ರೀ ಇಟ್ಕೊಳ್ಳಿ" ಅಂದರು.

ಆ ವಾರವೇ ಕೆಲಸ ಬಿಟ್ಟೆ. ತಂಡದಲ್ಲಿ ಹೊಸ ನಾಟಕದ ಮುಖ್ಯ ಪಾತ್ರ ನನಗೆ ಬಂದಿತ್ತು, ಪ್ರದರ್ಶನದ ದಿನಾಂಕಗಳು ಶೂಟಿಂಗ್‌ಗೆ ಅಡ್ಡ ಬರಬಹುದು ಅಂತ ಅದನ್ನೂ ಬೇಡವೆಂದೆ. ಗಡ್ಡ ಬೆಳೆಸಿದೆ. ಗಡ್ಡ ಬೆಳೆದ ಮೇಲೆ ಬೇರೆ ಆಡಿಷನ್ನುಗಳ ಬಾಗಿಲು ಒಂದೊಂದಾಗಿ ಮುಚ್ಚಿತು. ಒಂದು ಜಾಹೀರಾತಿಗೆ ಯುವ ತಂದೆಯ ಪಾತ್ರ ಬೇಕಿತ್ತು. ಕಾಸ್ಟಿಂಗ್ ನೋಡುತ್ತಿದ್ದ ಹೆಣ್ಣುಮಗಳು ತನ್ನ ಫೋನಿನಲ್ಲಿದ್ದ ನನ್ನ ಫೋಟೊವನ್ನೂ ನನ್ನ ಮುಖವನ್ನೂ ನೋಡಿ, "ಸರ್, ಇದನ್ನ ತೆಗೆಯೋಕಾಗುತ್ತಾ?" ಅಂದಳು. ಆಗುವುದಿಲ್ಲ, ಇನ್ನೊಂದು ಪ್ರಾಜೆಕ್ಟಿಗೆ ಕಂಟಿನ್ಯುಟಿ ಇದೆ, ಅದರ ಶೂಟಿಂಗ್ ಮುಗಿಯುವವರೆಗೆ ಮುಖ ಹೀಗೇ ಇರಬೇಕು ಅಂದೆ. ಇರಲಿಲ್ಲ. ಶೂಟಿಂಗ್ ಶುರುವಾಗದ ಪಾತ್ರಕ್ಕೆ ಎಲ್ಲಿಯ ಕಂಟಿನ್ಯುಟಿ?

ತಿಂಗಳುಗಟ್ಟಲೆ ಹಾಗೇ ಹೋಯಿತು. ಫೋನ್ ಮಾಡಿದಾಗಲೆಲ್ಲ "ಸ್ವಲ್ಪ ಮುಂದಕ್ಕೆ ಹೋಗಿದೆ, ನೀವಂತೂ ಇದ್ದೀರಿ" ಅನ್ನುತ್ತಿದ್ದರು. ಕೊನೆಗೆ ಒಂದು ಸಂಜೆ ಆ ಚಿತ್ರದ ಸೆಟ್ಟಿನ ಫೋಟೊ ಫೋನಿನಲ್ಲಿ ಕಂಡೆ. ನನ್ನ ಪಾತ್ರ ಮಾಡುತ್ತಿದ್ದವನು ಬೇರೆಯವನು. ಅವನಿಗೆ ಗಡ್ಡವೇ ಇರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ, ಏಕೆಂದರೆ ನನ್ನ ತಪ್ಪು ಯಾವುದು ಅನ್ನೋದು ನನಗೇ ತಡವಾಗಿ ಅರ್ಥವಾಯಿತು. ಕೇಳಿದವರೆಲ್ಲ "ಅವರು ಮೋಸ ಮಾಡಿದರು, ನೀನು ನಂಬಿ ಕೆಟ್ಟೆ" ಅಂದರು. ಅದು ನಿಜವಲ್ಲ. ಆ ಸಹಾಯಕ ನಿರ್ದೇಶಕರು ಸುಳ್ಳು ಹೇಳಿರಲಿಲ್ಲ. ಆ ದಿನ ಅವರಿಗೆ ನಾನು ನಿಜವಾಗಿಯೂ ಬೇಕಿತ್ತು. ಆಮೇಲೆ ನಿರ್ಮಾಪಕರ ಹಣ ತಡವಾಯಿತು, ನಾಯಕ ನಟನ ಡೇಟ್ಸ್ ಬದಲಾಯಿತು, ಚಿತ್ರಕಥೆ ತಿದ್ದಿದರು, ಪಾತ್ರದ ವಯಸ್ಸು ಇಳಿಯಿತು. ಯಾವ ತಂಡವಾದರೂ ಒಂದು ಪಾತ್ರಕ್ಕೆ ಎರಡು ಮೂರು ಹೆಸರು ಇಟ್ಟುಕೊಳ್ಳಲೇಬೇಕು, ಇಲ್ಲದಿದ್ದರೆ ಅವರ ಚಿತ್ರ ನಿಲ್ಲುತ್ತದೆ. ಇದಕ್ಕೇ ಈ ರಂಗದಲ್ಲಿ ಹೋಲ್ಡ್ ಅನ್ನುವುದು. ಹೋಲ್ಡ್‌ನಲ್ಲಿ ಇಟ್ಟರೆ ನಿಮ್ಮ ಹೆಸರು ಪಟ್ಟಿಯಲ್ಲಿದೆ, ಅಷ್ಟೇ. ಲಾಕ್ ಆಯಿತು ಅಂದರೆ ಸಂಭಾವನೆ ಮಾತಾಗಿ, ದಿನಾಂಕ ಬರಹದಲ್ಲಿ ಬಂದು, ಒಪ್ಪಂದವೋ ಅಡ್ವಾನ್ಸೋ ಕೈಗೆ ಬಂದಿರಬೇಕು. ಇವೆರಡರ ನಡುವೆ ಇರುವ ಅಂತರದಲ್ಲಿ ಹೊಸಬರು ವರ್ಷಗಳನ್ನು ಕಳೆದುಕೊಳ್ಳುತ್ತಾರೆ.

ನನಗೆ ಈ ಅಂತರ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ನಾನು ಕೇಳಲಿಲ್ಲ. "ಇದು ಹೋಲ್ಡಾ, ಲಾಕಾ?" ಅನ್ನುವ ಒಂದು ಪ್ರಶ್ನೆ ಗಂಟಲಲ್ಲೇ ಉಳಿಯಿತು. ಕೇಳಿದರೆ ಅಹಂಕಾರಿ ಅಂದುಕೊಂಡು ಕೈಬಿಡುತ್ತಾರೇನೋ ಅನ್ನುವ ಭಯ. ಇನ್ನೂ ಆಳದಲ್ಲಿ ಇದ್ದದ್ದು ಬೇರೆ: ಕೇಳಿದರೆ ಹೋಲ್ಡ್ ಅನ್ನುವ ಉತ್ತರ ಬರುತ್ತದೆ, ಆಗ ನಾನು ಮತ್ತೆ ಏನೂ ಅಲ್ಲದವನಾಗುತ್ತೇನೆ. 'ಒಂದು ಸಿನಿಮಾ ಮಾಡ್ತಿದೀನಿ' ಅಂತ ಮನೆಯವರಿಗೂ ಗೆಳೆಯರಿಗೂ ಹೇಳಿಕೊಳ್ಳುವ ಸುಖ ಬಿಡಲು ಮನಸ್ಸಿರಲಿಲ್ಲ. ಅನಿಶ್ಚಿತತೆಯನ್ನು ತಡೆದುಕೊಳ್ಳಲಾರದೆ ನಾನೇ ಒಂದು ಸುಳ್ಳು ಖಚಿತತೆಯನ್ನು ಕಟ್ಟಿಕೊಂಡೆ, ಅದನ್ನು ಕಾಪಾಡಲು ನಿಜವಾಗಿ ಕೈಯಲ್ಲಿದ್ದ ನಾಟಕವನ್ನು ಬಿಟ್ಟೆ.

ನಷ್ಟ ಎಲ್ಲಿ ಆಯಿತು ಅನ್ನುವುದನ್ನೂ ಹೇಳಿಬಿಡುತ್ತೇನೆ. ಆ ಪಾತ್ರ ಹೋದದ್ದು ದೊಡ್ಡ ನಷ್ಟವಲ್ಲ, ಪಾತ್ರಗಳು ಹೋಗುತ್ತವೆ. ಗಡ್ಡ ತೆಗೆದು ಮತ್ತೆ ಆಡಿಷನ್‌ಗೆ ಹೋದ ದಿನ ಗೊತ್ತಾಯಿತು. ಎರಡು ಪುಟದ ದೃಶ್ಯ ಕೊಟ್ಟಿದ್ದರು, ನಡುವೆ ಒಂದು ಉದ್ದನೆಯ ಮಾತು. ಮೊದಲಾದರೆ ಒಂದೇ ಉಸಿರಿನ ಹಿಡಿತದಲ್ಲಿ ಸಲೀಸಾಗಿ ದಾಟುತ್ತಿದ್ದ ಸಾಲು, ಅರ್ಧಕ್ಕೆ ಉಸಿರು ತುಂಡಾಯಿತು. ಮಾತು ಮುಗಿಯುವ ಮೊದಲೇ ಎದುರಿನವರ ಉತ್ತರಕ್ಕೆ ಕಣ್ಣು ಕಾಯತೊಡಗಿತು. ಎದುರಿನವರು ಹೇಳಿದ್ದನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ, ನನ್ನ ಮುಂದಿನ ಸಾಲನ್ನು ಮನಸ್ಸಿನಲ್ಲಿ ಹುಡುಕುತ್ತಿದ್ದೆ. ಕಾದಿದ್ದ ತಿಂಗಳುಗಳಲ್ಲಿ ನಾನು ನಟನೆಯನ್ನೇ ಮಾಡಿರಲಿಲ್ಲ.

ಭರತನ ನಾಟ್ಯಶಾಸ್ತ್ರ ಅಭಿನಯವನ್ನು ನಾಲ್ಕಾಗಿ ವಿಂಗಡಿಸುತ್ತದೆ: ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ. ಮೈ, ಮಾತು, ವೇಷ, ಒಳಗಿನ ಭಾವ. ಇದರಲ್ಲಿ ಮೈ, ಮಾತು, ಭಾವ ಮೂರನ್ನೂ ಯಾರ ಅನುಮತಿಯೂ ಇಲ್ಲದೆ ಇವತ್ತೇ ಅಭ್ಯಾಸ ಮಾಡಬಹುದು. ಬೇರೆಯವರ ಕೈಯಲ್ಲಿರುವುದು ಆಹಾರ್ಯ ಒಂದೇ, ಯಾಕೆಂದರೆ ಯಾವ ವೇಷ ಹಾಕಬೇಕು ಅಂತ ಹೇಳುವವರು ಅವರು. ನಾನು ಅಷ್ಟೂ ತಿಂಗಳು ಗಡ್ಡವನ್ನು ಮಾತ್ರ ನೋಡಿಕೊಂಡೆ. ಉಳಿದ ಮೂರನ್ನು ಒಣಗಲು ಬಿಟ್ಟೆ.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಎರಡು ವರ್ಷ ಪೂರ್ತಿ ಕೊಡುವುದೋ, ಇಲ್ಲ ಕೆಲಸದ ಜೊತೆ ಪ್ರಯತ್ನಿಸುವುದೋ ಅಂತ ಕೇಳಿದ್ದೀರಿ. ಈ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎರಡು ವರ್ಷ ದಾಟಿದರೆ ಅನಿಶ್ಚಿತತೆ ಮುಗಿಯುತ್ತದೆ ಅಂತ ನೀವು ಅಂದುಕೊಂಡಿದ್ದೀರಿ. ಅದು ಮುಗಿಯುವುದಿಲ್ಲ. ಹೆಸರು ಮಾಡಿದವರೂ ಒಂದು ಚಿತ್ರ ಮುಗಿದ ಮರುದಿನ ಕೆಲಸವಿಲ್ಲದವರೇ. ಹಿಂದಿ ನಟ ನವಾಜುದ್ದೀನ್ ಸಿದ್ದಿಕಿ 1996ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯಿಂದ ಹೊರಬಂದವರು, 1999ರಲ್ಲಿ ಸಿನಿಮಾದ ಸಣ್ಣ ಪಾತ್ರದಲ್ಲಿ ಕಾಣಿಸಿಕೊಂಡವರು. ದೇಶ ಅವರ ಹೆಸರು ಹಿಡಿದು ಮಾತಾಡಿದ್ದು 2012ರ ಹೊತ್ತಿಗೆ. ಎರಡು ವರ್ಷದ ಗಡುವು ಹಾಕಿಕೊಂಡಿದ್ದರೆ ಅವರು 1998ಕ್ಕೇ ಮನೆಗೆ ಹೋಗಬೇಕಿತ್ತು. ಆದರೆ ಈ ಕಥೆಯನ್ನು ಭರವಸೆಗೆ ಮಾತ್ರ ಇಟ್ಟುಕೊಳ್ಳಿ, ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಅಷ್ಟೇ ವರ್ಷ ಅಷ್ಟೇ ಶ್ರದ್ಧೆಯಿಂದ ಕಾದು ಏನೂ ಆಗದವರ ಕಥೆಯನ್ನು ಯಾರೂ ಬರೆಯುವುದಿಲ್ಲ.

'ಪ್ಲ್ಯಾನ್ ಬಿ ಇದ್ದವನು ಅರ್ಧ ಮನಸ್ಸಿನವನು' ಅಂತ ಯಾರೋ ನಿಮಗೆ ಹೇಳಿದ್ದಾರೆ. ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ರಷ್ಯಾದ ನಟ, ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಗಿಂತ ನಟನೆಗೆ ಪೂರ್ತಿ ಮನಸ್ಸು ಕೊಟ್ಟವರು ಯಾರು? ಅವರು ಮನೆತನದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಲೇ ಹವ್ಯಾಸಿಗಳನ್ನು ಕಟ್ಟಿಕೊಂಡು ನಾಟಕ ಆಡಿದವರು. ಚಿನ್ನ ಬೆಳ್ಳಿಯ ಜರಿ ಎಳೆಯುವ ಕಾರ್ಖಾನೆ ಅದು. 1888ರಲ್ಲಿ ಕಲೆ ಮತ್ತು ಸಾಹಿತ್ಯದ ಒಂದು ಸಂಘ ಶುರುಮಾಡಿದರು, ಅವರು ಜೊತೆಗೂಡಿ ಕಟ್ಟಿದ ಮಾಸ್ಕೋ ಆರ್ಟ್ ಥಿಯೇಟರ್ ಬಂದದ್ದು 1898ರಲ್ಲಿ. ಅವರು ಶ್ರೀಮಂತರು, ನಮ್ಮ ಕಷ್ಟ ಅವರಿಗಿರಲಿಲ್ಲ, ಒಪ್ಪುತ್ತೇನೆ. ಆದರೂ ಹತ್ತು ವರ್ಷ ನಡೆದದ್ದು ಎರಡನ್ನೂ ಹಿಡಿದುಕೊಂಡೇ. ಇಂಗ್ಲಿಷ್ ನಟ ಅಲನ್ ರಿಕ್‌ಮನ್ ಗ್ರಾಫಿಕ್ ಡಿಸೈನ್ ಮಾಡಿಕೊಂಡಿದ್ದು, ಆಮೇಲೆ 26ನೇ ವಯಸ್ಸಿನಲ್ಲಿ ನಟನಾ ಶಾಲೆಗೆ ಸೇರಿದರು. ರಂಗದ ಮೇಲೆ ವರ್ಷಗಟ್ಟಲೆ ದುಡಿದ ನಂತರ 1988ರಲ್ಲಿ ಅವರ ಮೊದಲ ಸಿನಿಮಾ ಬಂತು, ಆಗ ಅವರಿಗೆ ನಲವತ್ತು ದಾಟಿತ್ತು.

ಹೊಟ್ಟೆಗೆ ಹಾಕುವ ಕೆಲಸವನ್ನು ಪ್ಲ್ಯಾನ್ ಬಿ ಅಂತ ಕರೆಯಬೇಡಿ. ಬಾಡಿಗೆ ಕಟ್ಟಲು ಹಣವಿಲ್ಲದಾಗ ಕ್ಯಾಮೆರಾ ಮುಂದೆ ನಿಂತವನ ಕಣ್ಣಿನಲ್ಲಿ ಪಾತ್ರ ಕಾಣುವುದಿಲ್ಲ, ದಯವಿಟ್ಟು ತೆಗೆದುಕೊಳ್ಳಿ ಅನ್ನುವ ಬೇಡಿಕೆ ಕಾಣುತ್ತದೆ. ನಾನು ಆಮೇಲೆ ಒಂದೆರಡು ಕಡೆ ಆಡಿಷನ್ನಿನಲ್ಲಿ ಎದುರಿನ ಮಾತು ಓದುವ ಕೆಲಸ ಮಾಡಿದ್ದೇನೆ, ಮೇಜಿನ ಈಚೆ ಕೂತು ನೋಡಿದ್ದೇನೆ. ಒಳಗೆ ಬಂದ ಕೂಡಲೇ ಅದು ಗೊತ್ತಾಗುತ್ತದೆ. ಮತ್ತೊಂದು ವಿಷಯವೂ ಅಲ್ಲೇ ಕಂಡದ್ದು: ತುಂಬ ಚೆನ್ನಾಗಿ ಮಾಡಿದವರನ್ನು, ಎತ್ತರ ನಾಯಕಿಗೆ ಹೊಂದಲಿಲ್ಲ ಅಂತ ಬಿಟ್ಟರು. ತಮ್ಮನ ಪಾತ್ರಕ್ಕೆ ಅಣ್ಣನ ಮುಖದ ಹೋಲಿಕೆ ಬೇಕಿತ್ತು ಅಂತ ಬಿಟ್ಟರು. ದನಿ ಮುಖ್ಯ ನಟನ ದನಿಯ ಹಾಗೇ ಇದೆ ಅಂತಲೂ ಬಿಟ್ಟರು. ಇದ್ಯಾವುದೂ ಆ ನಟನಿಗೆ ಯಾವತ್ತೂ ತಿಳಿಯುವುದಿಲ್ಲ. ಅವನು ಮನೆಗೆ ಹೋಗಿ ತನ್ನ ನಟನೆಯಲ್ಲಿ ಕೊರತೆ ಹುಡುಕುತ್ತಾನೆ. ನೀವು ಹಾಗೆ ಮಾಡಬೇಡಿ. ನಟನೆಯಲ್ಲಿ ಏನು ತಪ್ಪಿತು ಅನ್ನುವುದನ್ನು ನಿಮಗೆ ಹೇಳಬಲ್ಲವರು ತಾಲೀಮಿನ ಜೊತೆಗಾರರು, ಬಾರದ ಫೋನ್ ಕರೆ ಅದನ್ನು ಹೇಳುವುದಿಲ್ಲ.

ಹಾಗಾಗಿ ನನ್ನ ಸಲಹೆ ಒಂದೇ, ಇದರಲ್ಲಿ ನಾನು ಹಟಮಾರಿ: ಲಾಕ್ ಆಗುವವರೆಗೆ ನಿಮ್ಮ ದಿನಗಳನ್ನು ಯಾರಿಗೂ ಬಿಟ್ಟುಕೊಡಬೇಡಿ. ವಾರಕ್ಕೆ ಕೆಲವು ಸಂಜೆಯಾದರೂ ಇನ್ನೊಬ್ಬ ಮನುಷ್ಯನ ಎದುರು ನಿಂತು ದೃಶ್ಯ ಮಾಡಿ. ಒಬ್ಬರೇ ಕನ್ನಡಿ ಮುಂದೆ ಮಾಡುವುದು ಸಾಲದು, ಕನ್ನಡಿ ನಿಮಗೆ ಉತ್ತರ ಕೊಡುವುದಿಲ್ಲ. ನಾಟಕ ತಂಡ ಸಿಕ್ಕರೆ ಸೇರಿ, ಪಾತ್ರ ಸಿಗದಿದ್ದರೆ ಪ್ರಾಂಪ್ಟ್ ಮಾಡಿ, ಅಂದರೆ ಮರೆತವರಿಗೆ ಮರೆಯಿಂದ ಮಾತು ನೆನಪಿಸಿ, ಇಡೀ ನಾಟಕದ ಮಾತು ಬಾಯಿಗೆ ಬರುತ್ತದೆ. ಮನೆಯಿಂದ ಸೆಲ್ಫ್ ಟೇಪ್, ಅಂದರೆ ನೀವೇ ಚಿತ್ರಿಸಿದ ಆಡಿಷನ್ ವಿಡಿಯೊ, ಕಳಿಸುವಾಗಲೂ ಎದುರಿನ ಮಾತು ಓದಲು ಒಬ್ಬರನ್ನು ಕೂರಿಸಿಕೊಳ್ಳಿ. ಅವರು ಲೆನ್ಸಿನ ಪಕ್ಕಕ್ಕೇ ಇರಲಿ, ಆಗ ನಿಮ್ಮ ಎರಡೂ ಕಣ್ಣು ಕ್ಯಾಮೆರಾಕ್ಕೆ ಸಿಗುತ್ತವೆ. ಅವರ ದನಿ ನಿಮ್ಮ ದನಿಗಿಂತ ತಗ್ಗಿರಲಿ. ಹಿಂದೆ ಖಾಲಿ ಗೋಡೆ, ಮುಖದ ಮೇಲೆ ಕಿಟಕಿಯ ಬೆಳಕು. ಕಳಿಸಿದ ಮೇಲೆ ಮರೆತುಬಿಡಿ ಅಂತ ಎಲ್ಲರೂ ಹೇಳುತ್ತಾರೆ, ಅದು ಹೇಳಿದಷ್ಟು ಸುಲಭವಲ್ಲ. ಮಾರನೇ ದಿನ ಇನ್ನೊಂದು ದೃಶ್ಯದ ತಾಲೀಮು ಇದ್ದರೆ ಮಾತ್ರ ಮರೆಯುತ್ತದೆ.

ಆಡಿಷನ್‌ಗೆ, ಹೆಸರು ನೋಂದಾಯಿಸಲು, ಪೋರ್ಟ್‌ಫೋಲಿಯೊ ನಮ್ಮಲ್ಲೇ ಮಾಡಿಸಬೇಕು ಅಂತ ದುಡ್ಡು ಕೇಳಿದರೆ ಎದ್ದು ಬನ್ನಿ. ಕಾಸ್ಟಿಂಗ್ ಮಾಡುವವರಿಗೆ ಹಣ ಕೊಡಬೇಕಾದದ್ದು ನಿರ್ಮಾಣ ಸಂಸ್ಥೆ, ನೀವಲ್ಲ. ಇದರ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ.

ಈಗ ನಿಮ್ಮ ಶಾರ್ಟ್‌ಲಿಸ್ಟ್ ವಿಚಾರ. ನಾಳೆಯೇ ಆ ತಂಡಕ್ಕೆ ಫೋನ್ ಮಾಡಿ. ದನಿಯಲ್ಲಿ ಬೇಡಿಕೆಯೂ ಬೇಡ, ಬಿಗುವೂ ಬೇಡ. "ಆ ದಿನಾಂಕಗಳಿಗೆ ನನಗೆ ಆಫೀಸಿನಲ್ಲಿ ರಜೆ ಹಾಕಬೇಕು, ಅದಕ್ಕೇ ಕೇಳ್ತಿದೀನಿ. ನಾನು ಹೋಲ್ಡ್‌ನಲ್ಲಿದೀನಾ, ಲಾಕ್ ಆಗಿದೀನಾ? ಯಾವತ್ತಿನೊಳಗೆ ಖಚಿತ ಆಗುತ್ತೆ?" ಅಂತ ಕೇಳಿ. ಇದು ದಿನಾ ನಡೆಯುವ ಮಾತು, ಅವರು ಇದನ್ನು ಎಷ್ಟೋ ಜನರಿಂದ ಕೇಳಿರುತ್ತಾರೆ. ಇದನ್ನು ಕೇಳಿದ್ದಕ್ಕೇ ನಿಮ್ಮನ್ನು ಕೈಬಿಡುವ ತಂಡವಾದರೆ ಶೂಟಿಂಗ್ ಮುಗಿದ ಮೇಲೆ ಸಂಭಾವನೆ ಕೇಳಿದಾಗಲೂ ಹಾಗೇ ಮಾಡುತ್ತದೆ. ಹೋಲ್ಡ್ ಅಂದರೆ ಸಂತೋಷದಿಂದ 'ಸರಿ' ಅನ್ನಿ, 'ಅದೇ ದಿನಾಂಕಕ್ಕೆ ಬೇರೆ ಕೆಲಸ ಬಂದರೆ ಮೊದಲು ನಿಮಗೆ ತಿಳಿಸಿ ಆಮೇಲೆ ಒಪ್ಪಿಕೊಳ್ಳುತ್ತೇನೆ' ಅನ್ನಿ. ಬಂದಾಗ ಹಾಗೇ ಮಾಡಿ. 'ಗಡ್ಡ ಬೆಳೆಸಿ, ತೂಕ ಇಳಿಸಿ' ಅಂದರೆ 'ಒಪ್ಪಂದವಾದ ಮೇಲೆ' ಅನ್ನಿ. 'ಲಾಕ್ ಆಗಿದೆ' ಅಂತ ಅವರು ಹೇಳಿದರೆ ದಿನಾಂಕ, ಸಂಭಾವನೆ, ಅದು ಯಾವಾಗ ಕೈಸೇರುತ್ತದೆ, ಈ ಮೂರನ್ನೂ ಮೆಸೇಜಿನಲ್ಲಾದರೂ ಬರೆದು ಕಳಿಸಲು ಹೇಳಿ. ಅದು ಬಂದ ಮೇಲೆ ಆಫೀಸಿನಲ್ಲಿ ಮೊದಲು ಕೇಳಬೇಕಾದದ್ದು ಆ ದಿನಗಳ ರಜೆ. ರಜೆ ಕೊಡುವುದಿಲ್ಲ ಅಂದರೆ ಸಂಬಳವಿಲ್ಲದ ರಜೆ ಕೇಳಿ. ಅದಕ್ಕೂ ಒಪ್ಪದಿದ್ದರೆ, ನಿಮ್ಮ ಕೈಯಲ್ಲಿ ಆರು ತಿಂಗಳ ಖರ್ಚಿಗಾಗುವಷ್ಟು ಹಣವೂ ಇದ್ದರೆ, ಆ ಪತ್ರ ಕೊಡಿ.