ವಾಂಡಾ ಏಕಾಏಕಿ ಕೆಟ್ಟವಳಾದದ್ದು ಹೇಗೆ? (ಪ್ರತಿಕ್ರಿಯೆ)

ಮಾರ್ವೆಲ್‌ನ ಸೂಪರ್‌ಹೀರೋ ಸಿನಿಮಾಗಳಲ್ಲಿ ಒಳ್ಳೆಯವರ ಪಾಳಯದಲ್ಲಿದ್ದ ಮಾಯಾಶಕ್ತಿಯ ವಾಂಡಾ 2022ರ ಎರಡನೇ ‘ಡಾಕ್ಟರ್ ಸ್ಟ್ರೇಂಜ್’ನಲ್ಲಿ ಏಕಾಏಕಿ ಕೆಟ್ಟವಳಾದದ್ದು ಯಾಕೆ, ಅವಳು ಹಂಬಲಿಸುವ ಆ ಇಬ್ಬರು ಮಕ್ಕಳು ಯಾರು ಅಂತ ಕೇಳಿದ್ದೀರಿ. ಅದು ಅರ್ಥವಾಗದಿರಲು ಕಾರಣ ಬಹುಶಃ ಇಷ್ಟೇ: ನೀವು ಸಿನಿಮಾಗಳನ್ನಷ್ಟೇ ನೋಡಿದ್ದೀರಿ, ನಡುವೆ 2021ರಲ್ಲಿ ಬಂದ ‘ವಾಂಡಾವಿಷನ್’ ಸರಣಿ ತಪ್ಪಿಹೋಗಿದೆ. ಆ ಮಕ್ಕಳಾದ ಬಿಲ್ಲಿ, ಟಾಮಿ, ಜತೆಗೆ ಡಾರ್ಕ್‌ಹೋಲ್ಡ್ ಎಂಬ ಮಾಟದ ಪುಸ್ತಕ ಎಲ್ಲವೂ ಅವಳ ಕೈಸೇರಿದ್ದು ಅಲ್ಲೇ.

ಮೊದಲು ಇದೇ ಸಾಲಿನ ಹಿಂದಿನ ಸಿನಿಮಾ ‘ಇನ್ಫಿನಿಟಿ ವಾರ್’ನ ಕೊನೆಯ ಅರ್ಧ ಗಂಟೆ ಮತ್ತೆ ನೋಡಿ, ವಾಂಡಾಳ ಪ್ರಿಯಕರ ವಿಷನ್ ಸಾವು ನೆನಪಿರಬೇಕು. 2015ರಿಂದ ಇಬ್ಬರನ್ನೂ ನೋಡುತ್ತ ಬಂದವರಿಗೆ ಅದು ನಾಟುತ್ತದೆ. ಹೀಗೆ ಹೆಣೆದ ಕಥೆಗಳ ನಿಜವಾದ ಬಲವೇ ಅದು. ಆಮೇಲೆ ಸರಣಿ, ಒಟ್ಟು 9 ಕಂತು. ಮೊದಲೆರಡು ಕಪ್ಪು-ಬಿಳುಪಿನ ಹಳೇ ಟೀವಿ ಹಾಸ್ಯದ ಧಾಟಿಯಲ್ಲಿವೆ, ಬೇಜಾರಾಗಿ ಅಲ್ಲೇ ಬಿಡಬೇಡಿ. ಗುಟ್ಟು ಬಿಚ್ಚಿಕೊಳ್ಳುವುದು 4ರಲ್ಲಿ. ಪುರುಸೊತ್ತಿಲ್ಲದಿದ್ದರೆ 4, 8, 9 ಸಾಕು. 9ರಲ್ಲಿ ಹೆಸರುಗಳೆಲ್ಲ ಓಡಿ ಮುಗಿಯುವ ತನಕ ಕಾಯಿರಿ, ಸಿನಿಮಾದ ಕೊಂಡಿ ಆ ಕಟ್ಟಕಡೆಯ ದೃಶ್ಯದಲ್ಲಿದೆ.

ಇಷ್ಟಾದರೂ ಸರಣಿಯ ಕೊನೆಗೆ ಪಶ್ಚಾತ್ತಾಪಪಟ್ಟವಳು ಸಿನಿಮಾದಲ್ಲಿ ನೇರ ಕೊಲೆಗೇ ಇಳಿಯುವುದು ಪೂರ್ತಿ ಹೊಂದುತ್ತದೆ ಅಂತ ನನಗನ್ನಿಸುವುದಿಲ್ಲ. ಅದು ಬರವಣಿಗೆಯ ದೋಷ, ನಿಮ್ಮದಲ್ಲ. ಮಾರ್ವೆಲ್‌ನ ಬೇರೆ ಸರಣಿಗಳಾದ ‘ಲೋಕಿ’, ‘ವಾಟ್ ಇಫ್’ ಈ ಗೊಂದಲ ಬಿಡಿಸಲು ಬೇಕಿಲ್ಲ, ಸದ್ಯಕ್ಕೆ ಬಿಡಿ.