ಗುರುವಿನ ಜಿಮ್ಮಿನಲ್ಲಿ ಹತ್ತು ದಿನ: ಏನು ಕಲಿಯಲಿ, ಏನು ಬಿಡಲಿ?

ಪ್ರಶ್ನೆ: ನನಗೆ 26 ವರ್ಷ. ದಾವಣಗೆರೆಯಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದೇನೆ. ನಾಲ್ಕು ವರ್ಷದಿಂದ ಪವರ್‌ಲಿಫ್ಟಿಂಗ್ ಮಾಡುತ್ತಿದ್ದೇನೆ, ದೇಹತೂಕದ 74 ಕೆಜಿ ವಿಭಾಗ. ಸ್ಕ್ವಾಟ್ (ಹೆಗಲ ಮೇಲೆ ಬಾರ್ ಹೊತ್ತು ಕೂತು ಏಳುವುದು) 160, ಬೆಂಚ್ (ಮಲಗಿ ಬಾರ್ ಮೇಲಕ್ಕೆ ತಳ್ಳುವುದು) 100, ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತಿ ನೆಟ್ಟಗೆ ನಿಲ್ಲುವುದು) 190 ಕೆಜಿ. ಒಂದು ವರ್ಷದಿಂದ ಅಲ್ಲೇ ನಿಂತುಬಿಟ್ಟಿದೆ. ಡೆಡ್‌ಲಿಫ್ಟ್ ಮಾಡಿದ ಮೇಲೆ ಎರಡು ದಿನ ಸೊಂಟ ಹಿಡಿದಿರುತ್ತದೆ. ಸ್ಪರ್ಧೆಯಲ್ಲಿ ಪರಿಚಯವಾದ ಮಂಗಳೂರಿನ ಹಿರಿಯ ಲಿಫ್ಟರ್ ಒಬ್ಬರು ‘ಹತ್ತು ದಿನ ಬಾ, ಜೊತೆಗೆ ಮಾಡೋಣ’ ಅಂದಿದ್ದಾರೆ. ರಿಕವರಿಗೆ, ಅಂದರೆ ದಣಿದ ಮೈ ಸುಧಾರಿಸಿಕೊಳ್ಳಲು, ಐಸ್ ಬಾತ್, ಮಾಲೀಸು, ಪೇನ್‌ಕಿಲ್ಲರ್ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅವರಿಂದ ಏನು ಕಲಿಯಲಿ? ದುಡ್ಡು ಬೇಡ ಅಂತಾರೆ, ಏನು ಕೊಡಲಿ?

ಉತ್ತರ: ಹೋಗಿ, ಖಂಡಿತಾ ಹೋಗಿ. ಒಂದೇ ಮಾತು ನೆನಪಿಟ್ಟುಕೊಳ್ಳಿ. ಅವರು ಜಾಸ್ತಿ ಭಾರ ಎತ್ತುವ ದಿನಕ್ಕಿಂತ ಹಗುರವಾಗಿ ಮಾಡುವ ದಿನವನ್ನು ಹೆಚ್ಚು ಗಮನಿಸಿ. ಭಾರ ಎತ್ತುವುದನ್ನು ಯೂಟ್ಯೂಬಿನಲ್ಲೂ ನೋಡಬಹುದು. ಇಷ್ಟು ವರ್ಷ ಮೈ ಕೆಡಿಸಿಕೊಳ್ಳದೆ ಎತ್ತಿಕೊಂಡು ಬಂದವರು ಯಾವತ್ತು ಕಡಿಮೆ ಮಾಡುತ್ತಾರೆ, ಎಷ್ಟು ಕಡಿಮೆ ಮಾಡುತ್ತಾರೆ ಅನ್ನೋದು ಪಕ್ಕದಲ್ಲಿ ನಿಂತರೆ ಮಾತ್ರ ಗೊತ್ತಾಗುತ್ತದೆ.

ಮೊದಲು ಸೊಂಟದ ವಿಷಯ. ಎರಡೂ ಬದಿ ಬಿಗಿ ಇದ್ದು, ಸ್ವಲ್ಪ ಓಡಾಡಿದ ಮೇಲೆ ಸಡಿಲವಾಗುತ್ತಿದ್ದರೆ ಹೆಚ್ಚಾಗಿ ಅದು ದಣಿದ ಸ್ನಾಯು. ನೋವು ಕಾಲಿಗೆ ಇಳಿಯುತ್ತಿದ್ದರೆ, ಪಾದ ಜುಮ್ಮೆನ್ನುತ್ತಿದ್ದರೆ ಅಥವಾ ಕಾಲಿನಲ್ಲಿ ಬಲ ಕಡಿಮೆ ಅನಿಸಿದರೆ ಮೂಳೆ ಡಾಕ್ಟರ ಹತ್ತಿರ ತೋರಿಸಿ, ಆಮೇಲೆ ಬಸ್ ಟಿಕೆಟ್ ಮಾಡಿಸಿ.

ಹೋಗುವಾಗ ಕಳೆದ ಎಂಟು ವಾರದ ಲೆಕ್ಕ ಬರೆದುಕೊಂಡು ಹೋಗಿ. ಎಷ್ಟು ಕೆಜಿ, ಒಂದು ಸೆಟ್ಟಿಗೆ (ನಿಲ್ಲಿಸದೆ ಮಾಡುವ ಒಂದು ಸುತ್ತಿಗೆ) ಎಷ್ಟು ರೆಪ್ಸ್ (ಎಷ್ಟು ಸಲ ಎತ್ತಿದ್ದು), ಎಷ್ಟು ಗಂಟೆ ನಿದ್ದೆ, ಬೆಳಗಿನ ತೂಕ. ಜೊತೆಗೆ ಆ ಸೆಟ್ ಎಷ್ಟು ಕಷ್ಟವಾಯಿತು ಅನ್ನೋದಕ್ಕೆ 10ಕ್ಕೆ ಇಷ್ಟು ಅಂತ ಒಂದು ಅಂಕ. 8 ಅಂದರೆ ಇನ್ನೂ ಎರಡು ರೆಪ್ ಬಾಕಿ ಇತ್ತು ಅಂತ. ಲಿಫ್ಟರುಗಳು ಇದನ್ನೇ ಆರ್‌ಪಿಇ ಅನ್ನುವುದು. ನಿಮ್ಮ ಡೆಡ್‌ಲಿಫ್ಟಿನಲ್ಲಿ ಪ್ರತಿ ವಾರವೂ 9, 9.5 ಅಂತಲೇ ಇದ್ದರೆ ಸೊಂಟ ಯಾಕೆ ಹಿಡಿಯುತ್ತದೆ ಅಂತ ನಿಮ್ಮ ಗುರುಗಳು ಪುಸ್ತಕ ನೋಡಿಯೇ ಹೇಳಿಬಿಡುತ್ತಾರೆ. ಪಕ್ಕದಿಂದ ತೆಗೆದ ನಾಲ್ಕಾರು ವಿಡಿಯೋನೂ ಇರಲಿ.

ರಾತ್ರಿ ಬಸ್ಸಿನಲ್ಲಿ ಘಾಟಿ ಇಳಿದು ಸೀದಾ ಜಿಮ್ಮಿಗೆ ಹೋಗಿ ಬಾರ್ ಹಿಡಿಯಬೇಡಿ. ಅವತ್ತು ಅವರ ಬಾರಿಗೆ ಭಾರದ ಪ್ಲೇಟ್ ಹಾಕಿಕೊಡಿ, ನೋಡಿ. ಆಮೇಲಿನ ದಿನಗಳಲ್ಲೂ ಡೆಡ್‌ಲಿಫ್ಟ್ ನಿಮ್ಮ ಗರಿಷ್ಠ ಭಾರದ 80 ಪರ್ಸೆಂಟ್, ಅಂದರೆ ನಿಮಗೆ 152.5 ಕೆಜಿ ಆಸುಪಾಸು ದಾಟದಿರಲಿ. ಹೊಸ ಜಿಮ್ಮು, ಸುತ್ತ ನಿಂತು ‘ಎತ್ತು ಎತ್ತು’ ಅನ್ನುವ ಹುಡುಗರು, ಹುಮ್ಮಸ್ಸು ಬಂದೇ ಬರುತ್ತದೆ. ಅವರ ಪ್ರೋಗ್ರಾಂ ನಿಮ್ಮ ಮೈಗೆ ಬರೆದದ್ದಲ್ಲ. ವಾರಕ್ಕೆ ಮೂರು ದಿನ ಮಾಡುವವರು ಏಕಾಏಕಿ ಆರು ದಿನ ಮಾಡಿದರೆ ಮೈಕೈ ನೋವಷ್ಟೇ ಅಲ್ಲ, ಸ್ನಾಯು ಒಡೆದು ಕಿಡ್ನಿಗೆ ಪೆಟ್ಟಾಗುವ ಸಂದರ್ಭವೂ ಇದೆ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಅವರನ್ನು ನೋಡುವಾಗ ಸಣ್ಣ ಸಣ್ಣದನ್ನು ನೋಡಿ. ಬೆಲ್ಟನ್ನು ಯಾವ ಸೆಟ್ಟಿನಿಂದ ಹಾಕುತ್ತಾರೆ? ಉಸಿರು ಎಳೆದಾಗ ಹೊಟ್ಟೆ ಮುಂದಕ್ಕೆ ಮಾತ್ರ ಉಬ್ಬುತ್ತದೋ, ಪಕ್ಕೆ, ಬೆನ್ನಿನ ಕಡೆಗೂ ಬೆಲ್ಟಿಗೆ ಒತ್ತುತ್ತದೋ? ರ‍್ಯಾಕಿನಿಂದ ಸ್ಕ್ವಾಟಿನ ಬಾರ್ ಹೊತ್ತು ಎಷ್ಟು ಹೆಜ್ಜೆ ಹಿಂದೆ ಬರುತ್ತಾರೆ? ಭಾರದ ಸೆಟ್ಟುಗಳ ನಡುವೆ ನಾಲ್ಕೈದು ನಿಮಿಷ ಸುಮ್ನೆ ಕೂತಿರುತ್ತಾರೆ, ಅದು ಸೋಮಾರಿತನ ಅಲ್ಲ. ಆಮೇಲೆ ನೇರವಾಗಿ ಕೇಳಿ: ‘ಸರ್, ಡಿಲೋಡ್ ಯಾವಾಗ ಮಾಡ್ತೀರಿ?’ ಡಿಲೋಡ್ ಅಂದರೆ ಮೈಗೆ ಬಿಡುವು ಕೊಡುವ ಹಗುರ ವಾರ; ನಾಲ್ಕರಿಂದ ಆರು ವಾರಕ್ಕೊಮ್ಮೆ ಒಂದು ವಾರ ಸೆಟ್ಟುಗಳನ್ನು ಅರ್ಧಕ್ಕೆ ಇಳಿಸುವುದು ಸಾಮಾನ್ಯ ಪದ್ಧತಿ. ವರ್ಷದಿಂದ ಒಂದೇ ಕಡೆ ನಿಂತವರಲ್ಲಿ ಬಹಳ ಜನ ಒಂದು ಸಲವೂ ಇದನ್ನು ಮಾಡಿರುವುದಿಲ್ಲ.

ಈಗ ಐಸ್ ಬಾತ್. 10ರಿಂದ 15 ಡಿಗ್ರಿ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಕೂತರೆ ನೋವು ಕಡಿಮೆ ಅನಿಸುವುದು ನಿಜ. ಆದರೆ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 12 ವಾರ ಪ್ರತಿ ವ್ಯಾಯಾಮದ ನಂತರ 10 ಡಿಗ್ರಿ ನೀರಿನಲ್ಲಿ ಹತ್ತು ನಿಮಿಷ ಕೂತವರಿಗಿಂತ ಸುಮ್ನೆ ಹಗುರವಾಗಿ ಸೈಕಲ್ ತುಳಿದವರಿಗೆ ಸ್ನಾಯುವೂ ಶಕ್ತಿಯೂ ಹೆಚ್ಚು ಬೆಳೆದಿತ್ತು. ಮೈ ತಾನಾಗಿ ಬಲವಾಗಲು ಹೊರಟಾಗ ಅದಕ್ಕೆ ತಣ್ಣೀರೆರಚಿದಂತೆ. ಸಾಲಾಗಿ ಎರಡು ದಿನ ಸ್ಪರ್ಧೆ ಇದ್ದರೆ ಕೂತುಕೊಳ್ಳಿ, ದಿನಾ ಬೇಡ.

ಮಾಲೀಸು ಬೇರೆ. ಗರಡಿ ಮನೆಯ ಉಸ್ತಾದರು ಎಣ್ಣೆ ಹಚ್ಚಿ ತಿಕ್ಕುತ್ತಿದ್ದದ್ದು ಸುಮ್ಮನೆ ಅಲ್ಲ, ನೋವು ಇಳಿಯುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. ಬೆನ್ನುಮೂಳೆಯ ಮೇಲೆ ಹತ್ತಿ ತುಳಿಯಲು ಮಾತ್ರ ಬಿಡಬೇಡಿ.

ನನ್ನನ್ನು ಕೇಳಿದರೆ ನೀವು ಕಲಿಯಬೇಕಾದ ರಿಕವರಿ ಕೆಲಸ ಹಳೇ ಟೈರ್ ಎಳೆಯುವುದು. ಅಮೆರಿಕದ ಓಹಾಯೋದ ಕೊಲಂಬಸ್‌ನಲ್ಲಿ ವೆಸ್ಟ್‌ಸೈಡ್ ಬಾರ್‌ಬೆಲ್ ನಡೆಸುತ್ತಿದ್ದ ಲೂಯಿ ಸಿಮನ್ಸ್ ಹತ್ತಿರ ಕಲಿಯಲು ಎಲ್ಲೆಲ್ಲಿಂದಲೋ ಲಿಫ್ಟರುಗಳು ಹೋಗುತ್ತಿದ್ದರು. ಅವರು 2022ರಲ್ಲಿ ತೀರಿಕೊಂಡರು. ಸೊಂಟಕ್ಕೆ ಹಗ್ಗ ಕಟ್ಟಿ ಭಾರದ ಸ್ಲೆಡ್ (ನೆಲದ ಮೇಲೆ ಜಾರುವ ಚಕ್ರವಿಲ್ಲದ ಬಂಡಿ, ನಮಗೆ ಅದರ ಬದಲು ಟೈರ್) ಎಳೆಯುತ್ತಾ ನಡೆಯುವುದು ಅವರ ಜಿಮ್ಮಿನ ದಿನನಿತ್ಯದ ಕೆಲಸವಾಗಿತ್ತು. ಮರುದಿನದ ಮೈಕೈ ನೋವು ಹೆಚ್ಚಾಗಿ ಬರುವುದು ಭಾರವನ್ನು ಕೆಳಗಿಳಿಸುವಾಗ ಸ್ನಾಯು ಹಿಗ್ಗುತ್ತಾ ತಡೆಯುವುದರಿಂದ. ಟೈರ್ ಎಳೆಯುವುದರಲ್ಲಿ ಇಳಿಸುವ ಕೆಲಸವೇ ಇಲ್ಲ. ಹಾಗಾಗಿ ರಕ್ತ ಓಡಾಡುತ್ತದೆ, ನೋವು ಹೆಚ್ಚಾಗುವುದಿಲ್ಲ. ಡೆಡ್‌ಲಿಫ್ಟಿನ ಮರುದಿನ ಹತ್ತು ಹದಿನೈದು ನಿಮಿಷ, ಮಾತಾಡಿಕೊಂಡು ನಡೆಯುವಷ್ಟು ಭಾರ ಸಾಕು. ಪಂಕ್ಚರ್ ಅಂಗಡಿಯಲ್ಲಿ ಟೈರ್ ಸುಮ್ನೆ ಕೊಡುತ್ತಾರೆ.

ಪೇನ್‌ಕಿಲ್ಲರ್ ನುಂಗಿ ಎತ್ತುವುದು ಬೇಡವೇ ಬೇಡ. ನೋವು ಗೊತ್ತಾಗದೆ ಗಾಯ ದೊಡ್ಡದಾಗುತ್ತದೆ. ಮಂಗಳೂರಿನ ಸೆಕೆಯಲ್ಲಿ ಬೆವರು ಹರಿಯುವಾಗ ಕಿಡ್ನಿಗೂ ಒಳ್ಳೆಯದಲ್ಲ. ಹಾಗೆಯೇ, ಲೇಬಲ್ ಇಲ್ಲದ ಡಬ್ಬಿಯ ಪುಡಿ, ‘ಎಲ್ಲರೂ ಹಾಕಿಸಿಕೊಳ್ಳುವ’ ಇಂಜೆಕ್ಷನ್ ಯಾರೇ ಕೊಟ್ಟರೂ, ಗುರುಗಳೇ ಕೊಟ್ಟರೂ ಬೇಡ. ಡೋಪಿಂಗ್ ನಿಯಮದಲ್ಲಿ ‘ನನಗೆ ಗೊತ್ತಿರಲಿಲ್ಲ’ ಅಂದರೆ ಬಿಡುವುದಿಲ್ಲ. ಮೈಯಲ್ಲಿ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ.

ಊಟ ನಿದ್ದೆಯ ಬಗ್ಗೆ ಉದ್ದ ಬರೆಯುವುದಿಲ್ಲ, ನಿಮಗೆ ಗೊತ್ತಿರುವುದೇ. ನಿಮ್ಮ ತೂಕಕ್ಕೆ ದಿನಕ್ಕೆ 120ರಿಂದ 160 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ ಅಷ್ಟೇ. ನಮ್ಮೂರ ಬೆಣ್ಣೆ ದೋಸೆ ಲೆಕ್ಕಕ್ಕಿಲ್ಲ, ಕ್ಷಮಿಸಿ. ಮೀನು ತಿನ್ನುವವರಾದರೆ ಅಲ್ಲಿ ಬಂಗುಡೆ, ಬೂತಾಯಿ ಇದೆ. ಇಲ್ಲದಿದ್ದರೆ ಹುರುಳಿ, ಹಾಲು, ಸೋಯಾ. ಬೆವರಿನ ಲೆಕ್ಕಕ್ಕೆ ವ್ಯಾಯಾಮಕ್ಕೆ ಮುಂಚೆ, ಆಮೇಲೆ ತೂಕ ನೋಡಿ. ಒಂದು ಕೆಜಿ ಇಳಿದಿದ್ದರೆ ಸುಮಾರು ಒಂದೂವರೆ ಲೀಟರ್ ನೀರು ನಿಧಾನವಾಗಿ ಕುಡಿಯಬೇಕು, ಉಪ್ಪೂ ಬೇಕು. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ದುಡ್ಡಿನ ವಿಷಯ. ಅವರು ಬೇಡ ಅಂದರೆ ಒತ್ತಾಯ ಮಾಡಬೇಡಿ. ಆದರೆ ಜಿಮ್ ಅವರದಲ್ಲದಿದ್ದರೆ ಹತ್ತು ದಿನದ ಫೀ ಕೌಂಟರಿನಲ್ಲಿ ಕಟ್ಟಿ. ಬೇರೆ ಮನೆಯಲ್ಲಿ ಉಳಿದುಕೊಳ್ಳಿ, ಅವರ ಮನೆಯವರಿಗೆ ಹೊರೆ ಆಗಬಾರದಲ್ವಾ. ದಿನಾ ಮೊದಲು ಬಂದು ಬಾರ್ ಒರೆಸಿ, ಅವರು ಎತ್ತುವಾಗ ಸ್ಪಾಟಿಂಗಿಗೆ (ಬಾರ್ ಕೈಕೊಟ್ಟರೆ ಹಿಡಿಯಲು) ಪಕ್ಕದಲ್ಲಿ ನಿಲ್ಲಿ, ಕೊನೆಗೆ ಪ್ಲೇಟುಗಳನ್ನು ಜಾಗಕ್ಕೆ ಹಾಕಿ. ಏನಾದರೂ ಒಯ್ಯಲೇಬೇಕು ಅನಿಸಿದರೆ ಹಿಡಿತ ಜಾರದಂತೆ ಅಂಗೈಗೆ ಹಚ್ಚುವ ಒಳ್ಳೆಯ ಚಾಕ್ ಒಂದು ಪೆಟ್ಟಿಗೆ ತೆಗೆದುಕೊಂಡು ಹೋಗಿ. ದಾವಣಗೆರೆ ಮಂಡಕ್ಕಿ ಒಯ್ಯುವುದಾದರೆ ಗಾಳಿಯಾಡದ ಡಬ್ಬಿಯಲ್ಲಿಡಿ, ಮಂಗಳೂರಿನ ಹವೆಗೆ ಬೇಗ ಮೆತ್ತಗಾಗಿಬಿಡುತ್ತದೆ.