‘ಕೋಡಿ’ ಕಥೆ ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ‘ಕೋಡಿ’ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ತೊಡಕು ಇರುವುದು ಹೆಸರಲ್ಲೇ.

ನಿಮ್ಮ ಕಥೆಯಲ್ಲಿ ರಾತ್ರಿ ಕೆರೆ ಕೋಡಿ ಬೀಳುತ್ತದೆ, ಬೆಳಗಾಗುವಷ್ಟರಲ್ಲಿ ಕೆಳಗಿನ ಕೇರಿ ಕೊಚ್ಚಿಹೋಗಿರುತ್ತದೆ. ಹಾಗಾಗುವುದು ಏರಿ ಒಡೆದಾಗ. ಏರಿ ಒಡೆಯದಿರಲಿ ಅಂತಲೇ ಅಲ್ವಾ ಕೋಡಿ ಇರುವುದು? ಕೆರೆ ತುಂಬಿದ ಮೇಲೂ ನೀರು ಬರುತ್ತಿದ್ದರೆ ಅದು ಮಣ್ಣಿನ ಏರಿ ಹತ್ತಬಾರದು, ಹತ್ತಿದರೆ ಕೊರೆದುಬಿಡುತ್ತದೆ. ಅದಕ್ಕೇ ಒಂದು ಮಗ್ಗುಲಲ್ಲಿ ಏರಿಗಿಂತ ತಗ್ಗಾಗಿ ದಾರಿ ಬಿಟ್ಟಿರುತ್ತಾರೆ, ಅದೇ ಕೋಡಿ. ಹೆಚ್ಚಾದ ನೀರು ಅಲ್ಲಿಂದ ಹಳ್ಳಕ್ಕಿಳಿದು ಮುಂದಿನ ಕೆರೆಗೆ ಹೋಗುತ್ತದೆ. ಇನ್ನೊಂದು ಕಡೆ ನಿಮ್ಮ ಗೌಡರು ‘ಕೋಡಿ ಎತ್ತಿ’ ಗದ್ದೆಗೆ ನೀರು ಬಿಡುತ್ತಾರೆ. ಎತ್ತುವುದು ತೂಬನ್ನು, ಗದ್ದೆಗೆ ನೀರು ಬಿಡುವ ಕಿಂಡಿಯನ್ನು. ಕೋಡಿ ತಾನಾಗಿ ಬೀಳಬೇಕು, ಅಂದರೆ ಕೆರೆ ತುಂಬಿ ಅದರ ಮೇಲೆ ನೀರು ಹರಿಯಬೇಕು.



ಇಷ್ಟೇ ಆಗಿದ್ದರೆ ನಾನೇ ತಿದ್ದಿಬಿಡುತ್ತಿದ್ದೆ. ಆದರೆ ಪದದ ಭಾವವೇ ತಿರುಗಿಹೋಗಿದೆ. ಬಯಲುಸೀಮೆಯಲ್ಲಿ ಕೋಡಿ ಬಿತ್ತು ಅನ್ನುವುದು ಬಾಗಿನ ಕೊಡುವ ಸುದ್ದಿ. ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು, ಮತ್ತೆ ಬಿದ್ದದ್ದು 2022ರಲ್ಲಿ. 89 ವರ್ಷ! ಜನ ಗುಂಪುಗುಂಪಾಗಿ ನೋಡಲು ಹೋದರು.

‘ಕಣ್ಣೀರ ಕೋಡಿ’ ನಾಲ್ಕು ಸಲ ಬಂದಿದೆ. ಮೊದಲ ಪುಟದಲ್ಲಿ ಬಸ್ಸು ತಪ್ಪಿದ್ದಕ್ಕೇ ಅಜ್ಜಿಯ ಕಣ್ಣಲ್ಲಿ ಕೋಡಿ ಹರಿಸಿದ್ದೀರಿ. ಕೆರೆ ತುಂಬದೆ ಕೋಡಿ ಎಲ್ಲಿಂದ ಬರಬೇಕು? ಈ ಮಾತು ಈಗ ಸವೆದಿದೆ ನಿಜ, ಆದರೆ ಮೊದಲು ಆಡಿದವರು ಕೆರೆ ಕಂಡವರು. ನಿಮ್ಮ ಕಥೆಯಲ್ಲಿ ನನಗೆ ಹಿಡಿಸಿದ್ದು ಬೇರೆ ಜಾಗ. ಮಗ ಸತ್ತ ಸುದ್ದಿ ಬಂದ ಮೇಲೂ ಅಜ್ಜಿ ಏನೂ ಮಾತಾಡದೆ ಸುಮ್ನೆ ಅಕ್ಕಿ ಆರಿಸುತ್ತಾಳಲ್ಲ, ಅಲ್ಲಿ ಕೆರೆ ತುಂಬುತ್ತಿದೆ. ಆ ಮೂರು ಸಾಲು ಮುಟ್ಟಬೇಡಿ. ಉಳಿದ ಕಡೆ ಅವಳ ಅಳು ತೆಗೆಯಿರಿ.

ಕೊನೆಯಲ್ಲಿ ಏರಿ ಒಡೆಯಲೇಬೇಕು ಅಂದರೆ, ಒಡೆಯಲಿ. ಆದರೆ ಕೋಡಿಗೆ ಏನಾಗಿತ್ತು ಅಂತ ಹೇಳಿ. ಇನ್ನೊಂದು ಅಡಿ ನೀರು ಜಾಸ್ತಿ ನಿಲ್ಲಲಿ ಅಂತ ಅದಕ್ಕೆ ಮಣ್ಣಿನ ಚೀಲ ಒಡ್ಡಿದ್ದು ಯಾರು? ನಿಮ್ಮ ಗೌಡರೇ ಯಾಕಾಗಬಾರದು? ತಿದ್ದಿ ಕಳಿಸಿ, ಓದುತ್ತೇನೆ.

— ಸಂ.